ಮೂರನೇ ಸಲ ಬಂದ ವಸಡಿನ ಗಡ್ಡೆ

"ಬಸುರಿ ಇದ್ದಾಗ ಬಂದಿದ್ದು ಸಾರ್. ಎರಡು ಸಲ ಕೊಯ್ಸಿದ್ವಿ. ಮತ್ತೆ ಬಂದೈತಿ ನೋಡ್ರಿ" ಅಂದವರು ಅತ್ತೆ. ಸೊಸೆ ಬಾಯಿಗೆ ಸೆರಗು ಅಡ್ಡ ಹಿಡಿದು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ವರ್ಷ ತುಂಬಿದ ಮಗು ಅತ್ತೆಯ ಸೊಂಟದ ಮೇಲಿತ್ತು.

ನಾನು ಬಾಯಿ ಮತ್ತು ದವಡೆಯ ಶಸ್ತ್ರಚಿಕಿತ್ಸಕ. ಮಧ್ಯ ಕರ್ನಾಟಕದ ಒಂದು ಊರಿನಲ್ಲಿ 17 ವರ್ಷಗಳಿಂದ ಇದೇ ಕೆಲಸ. ನಮ್ಮಲ್ಲಿಗೆ ಬರುವುದು ಹೆಚ್ಚಾಗಿ ಅಡಿಕೆ, ಗುಟ್ಕಾ, ತಂಬಾಕಿನ ಹುಣ್ಣುಗಳು, ಅಪಘಾತದಲ್ಲಿ ಮುರಿದ ದವಡೆಗಳು. ರಕ್ತನಾಳದ ಗಡ್ಡೆ ಅಂತ ಬರುವುದು ತಿಂಗಳಿಗೆ ಒಂದೋ ಎರಡೋ. ಅದರಲ್ಲೂ ನಿಜಕ್ಕೂ ಅಪರೂಪದ್ದು ಇಷ್ಟು ವರ್ಷಗಳಲ್ಲಿ ಬೆರಳೆಣಿಕೆಯಷ್ಟು. ಈ ಹೆಣ್ಣುಮಗಳದ್ದು ಅಂಥದ್ದೊಂದು. ಅವಳ ಗುರುತು ಸಿಗಬಾರದೆಂದು ಊರು, ವಯಸ್ಸಿನಂಥ ವಿವರ ಬಿಟ್ಟಿದ್ದೇನೆ.

ಕೆಳದವಡೆಯ ಎಡಗಡೆ, ಕೋರೆಹಲ್ಲಿಗೂ ಅದರ ಹಿಂದಿನ ಹಲ್ಲಿಗೂ ನಡುವೆ ವಸಡಿನಿಂದ ಎದ್ದಿದ್ದ ಗಡ್ಡೆ, ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡದು. ಬಣ್ಣ ಹಿಸುಕಿದ ನೇರಳೆ ಹಣ್ಣಿನದು. ನೆತ್ತಿಯ ಮೇಲೆ ಬಿಳಿಚಿದ ಹುಣ್ಣು. ಯಾರೇ ನೋಡಿದರೂ ಮೊದಲು ಬಾಯಿಗೆ ಬರುವ ಹೆಸರು ಪ್ರೆಗ್ನೆನ್ಸಿ ಟ್ಯೂಮರ್. ನನಗೂ ಅದೇ ಬಂತು.

ಪ್ರೆಗ್ನೆನ್ಸಿ ಟ್ಯೂಮರ್ ಅಂದರೆ ಪಯೋಜೆನಿಕ್ ಗ್ರಾನುಲೋಮಾದ ಬಸುರಿ ರೂಪ. 'ಪಯೋಜೆನಿಕ್' ಅಂದರೆ ಕೀವು ಹುಟ್ಟಿಸುವಂಥದ್ದು. ಗ್ರಾನುಲೋಮಾ ಅಂದರೆ ಉರಿಯೂತದ ಕೋಶಗಳ ಗಂಟು. ಅದರಲ್ಲಿ ಕೀವೂ ಇಲ್ಲ, ಸರಿಯಾದ ಅರ್ಥದಲ್ಲಿ ಗ್ರಾನುಲೋಮಾವೂ ಇಲ್ಲ. ನೂರು ವರ್ಷಕ್ಕೂ ಮೇಲಿಂದ ತಪ್ಪು ಹೆಸರನ್ನೇ ಕರೆದುಕೊಂಡು ಬಂದಿದ್ದೇವೆ. ಅದು ಸಣ್ಣ ರಕ್ತನಾಳಗಳ ಗೊಂಚಲು, ಅಷ್ಟೇ. ಹಲ್ಲಿನ ಬುಡದ ಕೊಳೆ ವಸಡನ್ನು ಕೆಣಕುತ್ತಿರುತ್ತದೆ, ಬಸುರಿನ ಹಾರ್ಮೋನು ಅದಕ್ಕೆ ಗೊಬ್ಬರ ಹಾಕುತ್ತದೆ. ಹೆರಿಗೆಯಾದ ಮೇಲೆ ಎಷ್ಟೋ ಸಲ ತಾನಾಗಿಯೇ ಕುಗ್ಗುತ್ತದೆ. ಹಾಗಾಗಿ ತೀರಾ ರಕ್ತ ಸೋರದಿದ್ದರೆ ಹಲ್ಲು ಕ್ಲೀನ್ ಮಾಡಿ ಕಾಯುವುದೇ ಒಳ್ಳೆಯದು.

ಆದರೆ ಇಲ್ಲಿ ಕೆಲವು ಸಂಗತಿ ನನಗೆ ಹಿಡಿಸಲಿಲ್ಲ. ಹೆರಿಗೆಯಾಗಿ ವರ್ಷ ಕಳೆದರೂ ಗಡ್ಡೆ ಬೆಳೆಯುತ್ತಲೇ ಇತ್ತು. ಬೆರಳಿಟ್ಟರೆ ಮೆತ್ತಗಿರಲಿಲ್ಲ, ಅರ್ಧ ಬಲಿತ ಸೀಬೆಕಾಯಿಯ ಹಾಗೆ ಬಿರುಸಾಗಿತ್ತು. ಮುಟ್ಟಿದರೆ ಧಾರಾಳ ರಕ್ತ ಬರಬೇಕಿತ್ತು, ಬಂದದ್ದು ಸ್ವಲ್ಪವೇ. ಎಲ್ಲಕ್ಕಿಂತ ಹೆಚ್ಚಾಗಿ ಆ ಎರಡು ಹಲ್ಲುಗಳು ಅಲ್ಲಾಡುತ್ತಿದ್ದವು. ಹಲ್ಲಿನ ಎಕ್ಸ್‌ರೇ ತೆಗೆಸಿದೆ. ಬೇರುಗಳ ನಡುವಿನ ಮೂಳೆ ಇಲಿ ಕಡಿದಂತೆ ಸವೆದಿತ್ತು, ಅಂಚು ಎಲ್ಲಿ ಮುಗಿಯುತ್ತದೆ ಅನ್ನುವುದೇ ಸ್ಪಷ್ಟವಿರಲಿಲ್ಲ.

"ಮೊದಲೆರಡು ಸಲ ತೆಗೆದದ್ದನ್ನ ಟೆಸ್ಟಿಗೆ ಕಳಿಸಿದ್ರಾ?"

"ಇಲ್ರಿ. ಬಕೀಟಿಗೆ ಹಾಕಿದ್ರು."

ಇದು ನನ್ನ ಹಳೆಯ ಸಿಟ್ಟು. ತೆಗೆದವರು ಯಾರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆದರೆ ಬಾಯಿಂದ ತೆಗೆದ ತುಂಡನ್ನು ಬಕೀಟಿಗೆ ಹಾಕುವ ಅಭ್ಯಾಸ ನಮ್ಮ ಕಡೆ ಇನ್ನೂ ಹೋಗಿಲ್ಲ. 'ನೋಡಿದ್ರೇ ಗೊತ್ತಾಗುತ್ತಲ್ಲ' ಅನ್ನುತ್ತಾರೆ. ಗೊತ್ತಾಗುವುದಿಲ್ಲ. ನನಗೂ ಗೊತ್ತಾಗಿರಲಿಲ್ಲ, ಅದಕ್ಕೆ ಬೆಲೆ ತೆತ್ತವನು ಇನ್ನೊಬ್ಬ. ಆ ಕತೆಯನ್ನು ಇಲ್ಲೇ ಹೇಳಿಬಿಡುತ್ತೇನೆ.

ಆಗ ನಾನು ಪಿಜಿ ಎರಡನೇ ವರ್ಷದಲ್ಲಿದ್ದೆ. 14ರ ಹುಡುಗ, ಕೆಳಗಿನ ದವಡೆಹಲ್ಲು ಅಲ್ಲಾಡುತ್ತದೆ ಅಂತ ಬಂದಿದ್ದ. ಬೆಳಿಗ್ಗೆ ಏಳುವಾಗ ದಿಂಬಿನ ಮೇಲೆ ರಕ್ತದ ಕಲೆ ಇರುತ್ತದೆ ಎಂದು ಅವನ ತಾಯಿ ಹೇಳಿದ್ದರು. ಅದನ್ನು ಕೇಸ್ ಶೀಟಿನಲ್ಲಿ ನಾನೇ ಬರೆದಿದ್ದೆ. ಬರೆದೆನೇ ಹೊರತು ಯೋಚಿಸಲಿಲ್ಲ. ಎಕ್ಸ್‌ರೇಯಲ್ಲಿ ಬೇರಿನ ಸುತ್ತ ಸೋಪಿನ ನೊರೆಯಂತೆ ಗುಳ್ಳೆ ಗುಳ್ಳೆಯಾಗಿ ಕಂಡ ಮೂಳೆಯನ್ನು ಸೋಂಕು ಅಂದುಕೊಂಡೆ. ಇಕ್ಕಳ ಹಾಕಿ ಹಲ್ಲು ತಿರುಗಿಸಿದೆ. ರಕ್ತ ಸೋರಲಿಲ್ಲ, ಚಿಮ್ಮಿತು. ತಲೆಯ ಮೇಲಿನ ಲೈಟಿಗೆ ಹೋಗಿ ಬಡಿಯಿತು. ನಾನು ಗಾಜ್ ಬಟ್ಟೆ ತುರುಕುತ್ತಿದ್ದೇನೆ, ಗಾಜ್ ಕ್ಷಣದಲ್ಲಿ ಕೆಂಪಾಗಿ ತೇಲಿ ಬರುತ್ತಿದೆ. ಪಕ್ಕದ ಕುರ್ಚಿಯಿಂದ ಓಡಿ ಬಂದ ನಮ್ಮ ಪ್ರೊಫೆಸರು ಒಂದು ಮಾತೂ ಆಡದೆ ಟ್ರೇಯಲ್ಲಿದ್ದ ಹಲ್ಲನ್ನು ಎತ್ತಿ ಅದೇ ಗುಳಿಗೆ ವಾಪಸ್ ಒತ್ತಿದರು, ಮೇಲೊಂದು ಗಾಜ್ ಇಟ್ಟು ಹುಡುಗನಿಗೆ ಗಟ್ಟಿಯಾಗಿ ಕಚ್ಚಲು ಹೇಳಿದರು. ಆಮೇಲೆ ನನ್ನ ಹೆಬ್ಬೆರಳನ್ನು ಅದರ ಮೇಲಿಟ್ಟು "ತೆಗೀಬೇಡ" ಅಂದರು. ಆಂಬುಲೆನ್ಸ್ ಬರುವವರೆಗೂ ನಾನು ತೆಗೆಯಲಿಲ್ಲ. ಬೆರಳು ಮರಗಟ್ಟಿ ಹೋಗಿತ್ತು.

ಅವನಿಗಿದ್ದದ್ದು ದವಡೆ ಮೂಳೆಯೊಳಗಿನ ಎವಿ ಮಾಲ್‌ಫಾರ್ಮೇಶನ್. ಅಪಧಮನಿಯ ರಕ್ತ ನಡುವಿನ ಸಣ್ಣ ನಾಳಗಳ ಜಾಲವನ್ನು ಬಿಟ್ಟು ನೇರ ಅಭಿಧಮನಿಗೆ ನುಗ್ಗುವ ಗಂಟು. ಅಲ್ಲಿ ಹಲ್ಲೆಂದರೆ ಬಾಟಲಿಯ ಬಿರಡೆ. ಹುಡುಗ ಬದುಕಿದ. ಬೆಂಗಳೂರಿನಲ್ಲಿ ತೊಡೆಯ ನಾಳದಿಂದ ಕ್ಯಾತಿಟರ್ ಎಂಬ ಸಣ್ಣ ಕೊಳವೆ ಕಳಿಸಿ ಗಂಟಿಗೆ ರಕ್ತ ತರುವ ನಾಳಗಳನ್ನು ಒಳಗಿನಿಂದ ಮುಚ್ಚಿದರು. ಎಂಬೊಲೈಸೇಶನ್ ಅನ್ನುತ್ತಾರೆ ಅದಕ್ಕೆ. ಹಳೆಯ ಕಾಲದಲ್ಲಿ ಇಂಥದ್ದಕ್ಕೆ ಕುತ್ತಿಗೆಯಲ್ಲಿ ಎಕ್ಸ್‌ಟರ್ನಲ್ ಕೆರೋಟಿಡ್ ನಾಳವನ್ನೇ ಕಟ್ಟಿಬಿಡುತ್ತಿದ್ದರು. ಹಾಗೆ ಕಟ್ಟಿಸಿಕೊಂಡು ಕುತ್ತಿಗೆಯಲ್ಲಿ ಗಾಯದ ಗೆರೆ ಹೊತ್ತು ಬಂದ ಒಬ್ಬರನ್ನು ಆಮೇಲೆ ನೋಡಿದ್ದೇನೆ. ಗಂಟು ಅಕ್ಕಪಕ್ಕದ ನಾಳಗಳಿಂದ ರಕ್ತ ಎಳೆದುಕೊಂಡು ಮತ್ತೆ ಬೆಳೆದಿತ್ತು, ಕ್ಯಾತಿಟರ್ ಹೋಗಬೇಕಾದ ದಾರಿ ಮಾತ್ರ ಮುಚ್ಚಿಹೋಗಿತ್ತು.

ಆ ಹುಡುಗನ ನಂತರ ಕೆಂಪು ಅಥವಾ ನೇರಳೆ ಬಣ್ಣದ ಏನೇ ಕಂಡರೂ ನಾನು ಒಂದು ಪೂಜೆಯ ಕ್ರಮದಂತೆ ಮಾಡುವ ಕೆಲವು ಕೆಲಸಗಳಿವೆ. ನನ್ನ ಪಿಜಿ ವಿದ್ಯಾರ್ಥಿಗಳು ಇದಕ್ಕೆ ನಗುತ್ತಾರೆ. ನಗಲಿ.

ಮೊದಲು ತೊಳೆದ ಗಾಜಿನ ಸ್ಲೈಡೊಂದನ್ನು ಗಡ್ಡೆಯ ಮೇಲೆ ಒತ್ತುತ್ತೇನೆ. ನಾಳದೊಳಗಿನ ರಕ್ತವಾದರೆ ಒತ್ತಿದಾಗ ಸರಿದು ಬಣ್ಣ ಬಿಳಿಚುತ್ತದೆ, ಬಿಟ್ಟರೆ ತುಂಬಿಕೊಳ್ಳುತ್ತದೆ. ಎಷ್ಟು ಬೇಗ ತುಂಬಿಕೊಳ್ಳುತ್ತದೆ ಅನ್ನುವುದರಲ್ಲೂ ಸುದ್ದಿಯಿದೆ. ಆಮೇಲೆ ಬೆರಳಿಟ್ಟು ಕಣ್ಣು ಮುಚ್ಚುತ್ತೇನೆ. ಹೌದು, ಮುಚ್ಚುತ್ತೇನೆ. ಮಿಡಿಯುತ್ತಿದೆಯೇ? ಬೆಕ್ಕಿನ ಎದೆಯ ಮೇಲೆ ಕೈಯಿಟ್ಟಂತೆ ಗುರುಗುರು ಅನ್ನುತ್ತಿದೆಯೇ? ಮಕ್ಕಳ ಸ್ಟೆತಸ್ಕೋಪಿನ ಸಣ್ಣ ತಲೆಯನ್ನು ಕೆನ್ನೆಯ ಮೇಲೆ, ದವಡೆಯ ಕೆಳಗೆ ಇಟ್ಟು ಕೇಳುತ್ತೇನೆ. ಮಿಡಿತವೋ ಸದ್ದೋ ಇದ್ದರೆ ಅಲ್ಲಿಗೆ ನನ್ನ ಕುರ್ಚಿಯ ಕೆಲಸ ಮುಗಿಯಿತು. ಬ್ಲೇಡು, ಸೂಜಿ ಯಾವುದೂ ಇಲ್ಲ, ಸ್ಕ್ಯಾನ್ ಅಷ್ಟೇ.

ಮಿಡಿತವಿಲ್ಲದಿದ್ದರೆ ರೋಗಿಯನ್ನು ಮೊಣಕಾಲಿಗೆ ತಲೆ ತಾಗುವಂತೆ ಬಗ್ಗಿಸುತ್ತೇನೆ. ಅಭಿಧಮನಿಯ ಗಂಟಾದರೆ ಒಂದು ನಿಮಿಷದಲ್ಲಿ ಉಬ್ಬಿ ನೀಲಿಯಾಗುತ್ತದೆ. ಒಳಗೆ ರಾಗಿಯಷ್ಟೋ ಕಡಲೆಯಷ್ಟೋ ಗಟ್ಟಿ ಕಾಳುಗಳು ಬೆರಳಿಗೆ ಸಿಕ್ಕರೆ ಅದು ಹೆಪ್ಪುಗಟ್ಟಿ ಸುಣ್ಣವಾದ ರಕ್ತ. ಎಕ್ಸ್‌ರೇಯಲ್ಲಿ ಉಂಗುರದೊಳಗೆ ಉಂಗುರವಿಟ್ಟ ಹಾಗೆ ಕಾಣುತ್ತದೆ. ಕೊನೆಗೆ ಸೂಜಿ. 20 ಗೇಜಿನ ಸೂಜಿ ಚುಚ್ಚಿ ಪಿಸ್ಟನ್ ಎಳೆದಾಗ ಕಪ್ಪು ರಕ್ತ ನಿಧಾನ ಬಂದರೆ ಒಂದು ಅರ್ಥ. ಎಳೆಯುವ ಮೊದಲೇ ಕಡುಗೆಂಪು ರಕ್ತ ಪಿಸ್ಟನ್ನನ್ನು ತಾನೇ ಹಿಂದಕ್ಕೆ ತಳ್ಳಿದರೆ ಇನ್ನೊಂದು ಅರ್ಥ, ಆ ಎರಡನೆಯದನ್ನು ನೋಡಿದವರು ಮರೆಯುವುದಿಲ್ಲ.

ಇನ್ನೊಂದು ಪ್ರಶ್ನೆ ಎಲ್ಲಕ್ಕಿಂತ ಅಗ್ಗದ್ದು: ಇದು ಹುಟ್ಟಿದಾಗಲೇ ಇತ್ತೇ? 1982ರಲ್ಲಿ ಬಾಸ್ಟನ್‌ನ ಮಲ್ಲಿಕೆನ್ ಮತ್ತು ಗ್ಲೊವಾಕಿ ಎಂಬ ಇಬ್ಬರು ಈ ಪ್ರಶ್ನೆಯ ಸುತ್ತಲೇ ಇಡೀ ವಿಷಯವನ್ನು ಎರಡು ಪಾಲು ಮಾಡಿದರು. ಕೋಶಗಳೇ ಹೆಚ್ಚಿ ಬೆಳೆಯುವ ಗಡ್ಡೆಗಳು ಒಂದು ಕಡೆ, ಹುಟ್ಟಿನಿಂದಲೇ ನಾಳಗಳು ತಪ್ಪಾಗಿ ಜೋಡಣೆಯಾದವು ಇನ್ನೊಂದು ಕಡೆ. ಮೊದಲ ಪಾಲಿಗೆ ಸೇರಿದ ಕೂಸಿನ ಹೆಮಾಂಜಿಯೋಮಾ ಹುಟ್ಟಿದ ಕೆಲವು ವಾರಕ್ಕೆ ಕಾಣಿಸಿಕೊಂಡು ಮೊದಲ ವರ್ಷ ಸರಸರ ಬೆಳೆಯುತ್ತದೆ, ಆಮೇಲೆ ವರ್ಷಗಟ್ಟಲೆ ನಿಧಾನ ಕರಗುತ್ತದೆ. ತಪ್ಪು ಜೋಡಣೆಯ ನಾಳಗಳು ಕರಗುವುದೇ ಇಲ್ಲ, ಮಗುವಿನ ಜೊತೆಗೇ ಬೆಳೆಯುತ್ತವೆ. ಇಷ್ಟು ವರ್ಷವಾದರೂ ನಮ್ಮಲ್ಲಿ ಕೆಂಪಗೆ ಕಂಡದ್ದಕ್ಕೆಲ್ಲ ಹೆಮಾಂಜಿಯೋಮಾ ಎಂದೇ ಚೀಟಿ ಬರೆಯುತ್ತಾರೆ. ಹೆಸರಿನಲ್ಲೇನಿದೆ ಅನ್ನಬೇಡಿ. ಕೂಸಿನ ಹೆಮಾಂಜಿಯೋಮಾಕ್ಕೆ ಈಗ ಚಾಕು ಬೇಕಾಗುವುದೇ ಕಡಿಮೆ. 2008ರಲ್ಲಿ ಫ್ರಾನ್ಸಿನ ಬೋರ್ಡೊದಲ್ಲಿ, ಹೃದಯದ ತೊಂದರೆಗೆಂದು ಪ್ರೊಪ್ರನೊಲಾಲ್ ಕೊಟ್ಟ ಮಗುವಿನ ಮುಖದ ಗಡ್ಡೆ ಮೆತ್ತಗಾಗಿದ್ದನ್ನು ಗಮನಿಸಿ ಬರೆದರು. ಈಗ ಮಕ್ಕಳ ಡಾಕ್ಟರ ನಿಗಾದಲ್ಲಿ ಅದೇ ಮೊದಲ ಔಷಧಿ. ಆದರೆ ಅದೇ ಔಷಧಿಯನ್ನು ನಾಲಿಗೆಯ ಅಭಿಧಮನಿ ಗಂಟಿಗೆ ಎರಡು ವರ್ಷ ನುಂಗಿಸಿ, ಕಡಿಮೆಯಾಗಲಿಲ್ಲ ಅಂತ ನನ್ನ ಹತ್ತಿರ ಕರೆತಂದವರಿದ್ದಾರೆ. ಅದಕ್ಕೆ ಬೇಕಿದ್ದದ್ದು ನಾಳಗಳನ್ನು ಕುಗ್ಗಿಸಿ ಮುಚ್ಚಲು ಗಂಟಿನೊಳಗೆ ಕೊಡುವ ಸ್ಕ್ಲೆರೋಸೆಂಟ್ ಇಂಜೆಕ್ಷನ್.

ಈ ಹೆಣ್ಣುಮಗಳಿಗೆ ಸ್ಲೈಡ್ ಒತ್ತಿದಾಗ ಬಣ್ಣ ಅರ್ಧಂಬರ್ಧ ಬಿಳಿಚಿತು. ಮಿಡಿತವಿಲ್ಲ, ಸದ್ದಿಲ್ಲ, ಬಗ್ಗಿದರೂ ಉಬ್ಬಲಿಲ್ಲ, ಸೂಜಿಗೆ ಒಂದು ಹನಿ ಬಂತು ಅಷ್ಟೇ. ಡಾಪ್ಲರ್ ಸ್ಕ್ಯಾನ್ ಮಾಡಿದವರೂ ರಕ್ತದ ಓಡಾಟ ಇದೆ, ಜೋರಿಲ್ಲ ಅಂದರು. ಹಾಗಾದರೆ ಬಯಾಪ್ಸಿ ಮಾಡಬಹುದು. ಅರಿವಳಿಕೆಯನ್ನು ಗಡ್ಡೆಯೊಳಗೆ ಕೊಡದೆ ದೂರದಲ್ಲಿ ನರಕ್ಕೆ ಕೊಟ್ಟೆ. ತುಂಡನ್ನು ಇಕ್ಕಳದಿಂದ ಹಿಡಿದರೆ ಕೋಶಗಳು ಜಜ್ಜಿ ಸ್ಲೈಡು ಹಾಳಾಗುತ್ತದೆ. ಅದಕ್ಕೇ ಒಂದು ದಾರ ಪೋಣಿಸಿ, ದಾರದಿಂದ ಎತ್ತಿ ಕತ್ತರಿಸಿದೆ. ನೆತ್ತಿಯ ಹುಣ್ಣಿನಿಂದ ಅಲ್ಲ, ಅಂಚಿನಿಂದ, ಆಳವಾಗಿ. ತುಂಡು ಕೆಡದಂತೆ ಇಡುವ 10% ಫಾರ್ಮಲಿನ್ ಬಾಟಲಿಗೆ ಹಾಕಿ ನಾನೇ ಪೆಥಾಲಜಿಗೆ ನಡೆದು ಕೊಟ್ಟು ಬಂದೆ.

ಐದನೇ ದಿನ ನಮ್ಮ ಪೆಥಾಲಜಿ ಮೇಡಂ ಫೋನ್ ಮಾಡಿದರು. "ಕಾರ್ಸಿನೋಮಾ ಅಂತ ಬರೆಯೋದಕ್ಕೆ ಕೂತಿದ್ದೆ. ಕೆರಾಟಿನ್ ಸ್ಟೇನೂ ಅಲ್ಲಲ್ಲಿ ಹಿಡಿದಿದೆ. ಆದ್ರೆ ಮನಸ್ಸು ಒಪ್ತಿಲ್ಲ. ಬಂದು ನೋಡಿ." ಕಾರ್ಸಿನೋಮಾ ಅಂದರೆ ಚರ್ಮ, ಬಾಯಿಯ ಒಳಪದರದಂಥ ಹೊದಿಕೆಯ ಕೋಶಗಳ ಕ್ಯಾನ್ಸರು. ಕೆರಾಟಿನ್ ಆ ಕೋಶಗಳ ಗುರುತು, ಸ್ಟೇನ್ ಅಂದರೆ ಅಂಥ ಗುರುತು ಹಿಡಿಯಲು ಹಾಕುವ ಬಣ್ಣ.

ಅವರ ಕೋಣೆಯಲ್ಲಿ ಎರಡು ತಲೆಯ ಮೈಕ್ರೋಸ್ಕೋಪಿದೆ. ಆ ಕಡೆ ಅವರು, ಈ ಕಡೆ ನಾನು. ತಿಳಿನೀಲಿ, ನಸುಗುಲಾಬಿಯ ಲೋಳೆಯಂಥ ನೆಲದಲ್ಲಿ ದುಂಡು ದುಂಡಾದ ಕೋಶಗಳು ಸಾಲುಗಟ್ಟಿ, ಕೆಲವು ಒಂಟಿಯಾಗಿ ನಿಂತಿದ್ದವು. ಕಾರ್ಸಿನೋಮಾದ ಹಾಗೆಯೇ ಕಾಣುತ್ತಿದ್ದವು. ಅವರು ಪಾಯಿಂಟರನ್ನು ಒಂದು ಕೋಶದ ಮೇಲೆ ನಿಲ್ಲಿಸಿದರು. ಕೋಶದ ಹೊಟ್ಟೆಯಲ್ಲಿ ಒಂದು ತೂತು, ತೂತಿನೊಳಗೆ ಒಂದೇ ಒಂದು ಕೆಂಪು ರಕ್ತಕಣ. ತಾನು ರಕ್ತನಾಳವಾಗಬೇಕಿತ್ತು ಅನ್ನುವ ನೆನಪು ಆ ಒಂಟಿ ಕೋಶಕ್ಕೆ ಇನ್ನೂ ಉಳಿದ ಹಾಗೆ, ತನ್ನೊಳಗೇ ಒಂದು ಪುಟ್ಟ ನಾಳ ಮಾಡಿಕೊಂಡಿತ್ತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮೇಣದಲ್ಲಿ ಕೂರಿಸಿದ ತುಂಡನ್ನು, ಅಂದರೆ ಬ್ಲಾಕನ್ನು, ಬೆಂಗಳೂರಿಗೆ ಕಳಿಸಿದೆವು. ರಕ್ತನಾಳದ ಕೋಶವೆಂದು ಹೇಳುವ ಸಿಡಿ31, ಸಿಡಿ34, ಇಆರ್‌ಜಿ ಮೂರೂ ಪಾಸಿಟಿವ್. ಕ್ಯಾಮ್ಟಾ1 ಎಂಬ ಇನ್ನೊಂದು ಸ್ಟೇನೂ ಕೋಶಕೇಂದ್ರದಲ್ಲಿ ಹಿಡಿಯಿತು. ಈ ಗಡ್ಡೆಯಲ್ಲಿ ಒಂದನೇ ಮತ್ತು ಮೂರನೇ ಕ್ರೋಮೋಸೋಮುಗಳ ತುಂಡುಗಳು ಅದಲು ಬದಲಾಗಿ ಎರಡು ಜೀನುಗಳು ಬೆಸೆದುಕೊಂಡಿರುತ್ತವೆಂದು 2011ರಲ್ಲಿ ಕಂಡುಹಿಡಿದರು, ಆ ಸ್ಟೇನ್ ಹುಟ್ಟಿದ್ದು ಅದರಿಂದ. ಹೆಸರು ಎಪಿಥೀಲಿಯಾಯ್ಡ್ ಹೆಮಾಂಜಿಯೋ-ಎಂಡೋಥೀಲಿಯೋಮಾ. ಹೇಳುವಷ್ಟರಲ್ಲಿ ರೋಗಿ ಎದ್ದು ಹೋಗುವಷ್ಟು ಉದ್ದ. ಶಾರನ್ ವೈಸ್ ಮತ್ತು ಫ್ರಾಂಝ್ ಎನ್‌ಝಿಂಗರ್ ಇದನ್ನು ಬೇರೆ ರೋಗವೆಂದು ಗುರುತಿಸಿ ಬರೆದದ್ದೂ ಅದೇ 1982ರಲ್ಲಿ, ಇದನ್ನು ಕಾರ್ಸಿನೋಮಾ ಎಂದು ತಪ್ಪು ತಿಳಿಯುತ್ತಾರೆ ಅನ್ನುವುದನ್ನು ಲೇಖನದ ತಲೆಬರಹದಲ್ಲೇ ಹೇಳಿದ್ದರು. ರಕ್ತನಾಳದ ಒಳಪದರದಿಂದ ಹುಟ್ಟುವ ಕ್ಯಾನ್ಸರು ಇದು. ರಕ್ತನಾಳದ ಇನ್ನೊಂದು ಕ್ಯಾನ್ಸರಾದ ಆಂಜಿಯೋಸಾರ್ಕೋಮಾದಷ್ಟು ಕ್ರೂರಿಯಲ್ಲ, ಹಾಗಂತ ನಂಬುವಂಥದ್ದೂ ಅಲ್ಲ. ಹೆಚ್ಚಾಗಿ ಕಾಣುವುದು ಲಿವರ್, ಶ್ವಾಸಕೋಶ, ಮೂಳೆಗಳಲ್ಲಿ. ಬಾಯಲ್ಲಿ ತೀರಾ ಅಪರೂಪ.

ಮನೆಯವರಿಗೆ ಹೇಳುವುದು ಆಪರೇಶನ್ನಿಗಿಂತ ಕಷ್ಟ. ಗಂಡ ಅವತ್ತು ಬಂದಿದ್ದ. "ಕ್ಯಾನ್ಸರ್ರಾ ಸಾರ್? ಅವ್ಳು ಎಲೆ ಅಡಿಕೇನೂ ಹಾಕಲ್ಲ" ಅಂದ. ಅತ್ತೆ ಅತ್ತರು, ಸೊಸೆ ಅಳಲಿಲ್ಲ. "ಮಗು ಹಾಲು ಬಿಡಿಸ್ಬೇಕೇನ್ರಿ?" ಅಂದಳು, ಅಷ್ಟೇ. ನನಗೆ ತಕ್ಷಣ ಉತ್ತರ ಬರಲಿಲ್ಲ. ಆ ಬಾಯಿಯಲ್ಲಿ ನಾನು ನೋಡುತ್ತಿದ್ದದ್ದು ಅಂಚು, ಮೂಳೆ, ನರ. ಅವಳ ಲೆಕ್ಕ ಬೇರೆ ಇತ್ತು.

ಎದೆಯ ಸಿಟಿ, ಹೊಟ್ಟೆಯ ಸ್ಕ್ಯಾನ್ ಮೊದಲು ಮಾಡಿಸಿದೆವು. ಬಾಯಿಯದ್ದು ಬೇರೆಲ್ಲಿಂದಲೋ ಬಂದದ್ದಿರಬಹುದು, ಇಲ್ಲಿಂದ ಬೇರೆಡೆಗೆ ಹೋಗಿರಲೂಬಹುದು. ಎರಡೂ ಇರಲಿಲ್ಲ. ಕುತ್ತಿಗೆಯ ದುಗ್ಧಗ್ರಂಥಿಗಳೂ ಸುಮ್ಮನಿದ್ದವು. ಅದಕ್ಕೇ ಕುತ್ತಿಗೆ ಬಿಚ್ಚುವುದು ಬೇಡ, ದವಡೆಯಲ್ಲಿ ಮಾತ್ರ ಅಗಲವಾಗಿ ತೆಗೆಯೋಣ ಎಂದು ನಿರ್ಧರಿಸಿದೆವು.

ಮೂಗಿನಿಂದ ಟ್ಯೂಬ್ ಹಾಕಿ ಅರಿವಳಿಕೆ, ಗಂಟಲಿಗೆ ಪ್ಯಾಕ್. ಅಡ್ರಿನಲಿನ್ ಬೆರೆಸಿದ ಇಂಜೆಕ್ಷನ್ ಕೊಡುವ ಮೊದಲೇ ಅಂಚನ್ನು ನೀಲಿ ಶಾಯಿಯಿಂದ ಗುರುತು ಹಾಕಿಕೊಂಡೆ. ರಕ್ತನಾಳದ ಗಡ್ಡೆಗಳಲ್ಲಿ ಇದನ್ನು ಯಾರೂ ಮರೆಯಬಾರದು. ಇಂಜೆಕ್ಷನ್ ಹೋದ ಐದು ನಿಮಿಷಕ್ಕೆ ನಾಳಗಳು ಮುದುಡಿ ಎಲ್ಲ ಬಿಳಿಚಿಕೊಳ್ಳುತ್ತದೆ, ಗಡ್ಡೆ ಎಲ್ಲಿ ಮುಗಿಯುತ್ತಿತ್ತು ಅನ್ನುವುದು ನಿಮ್ಮ ನೆನಪಿನಲ್ಲಿ ಮಾತ್ರ ಉಳಿಯುತ್ತದೆ, ಆಪರೇಶನ್ ಮಧ್ಯದಲ್ಲಿ ನೆನಪನ್ನು ನಂಬಬಾರದು.

ಸುತ್ತ 1 ಸೆಂಟಿಮೀಟರ್ ಆರೋಗ್ಯವಾಗಿ ಕಾಣುವ ಭಾಗ ಸೇರಿಸಿ ನಾಲ್ಕು ಹಲ್ಲುಗಳು, ಅವುಗಳ ಬುಡದ ಮೂಳೆ ಒಂದೇ ತುಂಡಾಗಿ ಬರಬೇಕಿತ್ತು. ದವಡೆಯ ಕೆಳಅಂಚು ಮಾತ್ರ ಉಳಿಸಿ ಮೇಲಿನದನ್ನು ತೆಗೆಯುವುದು. ಮೂಳೆಯನ್ನು ಪೆಟ್ಟಿಗೆಯ ಹಾಗೆ ಚೌಕಾಕಾರ ಕತ್ತರಿಸಿದರೆ ಮೂಲೆಯಲ್ಲಿ ಒತ್ತಡ ಕೂತು ಮುಂದೊಂದು ದಿನ ರೊಟ್ಟಿ ಅಗಿಯುವಾಗ ದವಡೆ ಲಟಕ್ಕನೆ ಮುರಿಯುತ್ತದೆ. ಹಾಗಾಗಿ ದೋಣಿಯ ತಳದಂತೆ ಕಮಾನಾಗಿ ಕತ್ತರಿಸಬೇಕು. ಕೆಳಗೆ ಒಂದು ಸೆಂಟಿಮೀಟರಿನಷ್ಟು ಗಟ್ಟಿ ಮೂಳೆ ಉಳಿಯಿತು.

ನರದ ವಿಷಯಕ್ಕೆ ಬಂದಾಗ ಕೈ ನಿಂತಿತು. ಕೆಳತುಟಿಗೆ ಸ್ಪರ್ಶ ಕೊಡುವ ನರ ಹೊರಬರುವ ರಂಧ್ರ ಸರಿಯಾಗಿ ಆ ಹಲ್ಲುಗಳ ಬೇರಿನ ಹತ್ತಿರವೇ ಇರುತ್ತದೆ. ಬಿಡಿಸಿ ಕೆಳಗೆ ಸರಿಸಬಹುದಿತ್ತು, ಆದರೆ ಅಂಚು ಅರ್ಧಕ್ಕೆ ಇಳಿಯುತ್ತಿತ್ತು. ಅವಳು ಎರಡು ಸಲ ಅರ್ಧಂಬರ್ಧ ಆಪರೇಶನ್ ಮಾಡಿಸಿಕೊಂಡಿದ್ದಾಗಿತ್ತು. ನರವನ್ನು ಕತ್ತರಿಸಿದೆ. ಇವತ್ತಿಗೂ ಅವಳ ಎಡಗಡೆಯ ಕೆಳತುಟಿ ಜೋಮು ಹಿಡಿದ ಹಾಗಿದೆ, ಚಾ ಕುಡಿಯುವಾಗ ಆ ಕಡೆಯಿಂದ ಇಳಿದರೆ ಅವಳಿಗೆ ಗೊತ್ತಾಗುವುದಿಲ್ಲ. ಮೊದಲೇ ಹೇಳಿದ್ದೆ, ಸಹಿಯೂ ಹಾಕಿದ್ದಳು. ಆದರೂ ಪ್ರತಿ ಸಲ ಅವಳು ಸೆರಗಿನಿಂದ ತುಟಿ ಒರೆಸಿಕೊಳ್ಳುವಾಗ ನಾನು ಬೇರೆ ಕಡೆ ನೋಡುತ್ತೇನೆ.

ರಕ್ತ ಅಂದುಕೊಂಡಷ್ಟು ಹೋಗಲಿಲ್ಲ. ಎರಡು ಬಾಟಲಿ ಕ್ರಾಸ್‌ಮ್ಯಾಚ್ ಮಾಡಿಟ್ಟದ್ದು ಹಾಗೇ ವಾಪಸ್ ಹೋಯಿತು. ತುಟಿಯ ಒಳಪದರವನ್ನು ಬಿಡಿಸಿ ಎಳೆದು ಮೂಳೆಯ ಮೇಲೆ ಹೊದಿಸಿ ಹೊಲಿದೆ. ತುಂಡಿಗೆ ಮುಂದಿನ ಅಂಚಿಗೆ ಗಿಡ್ಡ ದಾರ, ಹಿಂದಿನ ಅಂಚಿಗೆ ಉದ್ದ ದಾರ ಕಟ್ಟಿ ಕಳಿಸಿದೆ. ಜೊತೆಗೊಂದು ಚೀಟಿ: ಮೂಳೆಯನ್ನು ಆಸಿಡ್‌ನಲ್ಲಿ ಮೆದು ಮಾಡುವ ಮೊದಲು ಮೆದುಭಾಗವನ್ನು ಬೇರೆ ತೆಗೆದಿಡಿ. ಆಸಿಡ್ ಕುಡಿದ ಕೋಶಗಳಲ್ಲಿ ಸ್ಟೇನುಗಳು ಸರಿಯಾಗಿ ಹಿಡಿಯುವುದಿಲ್ಲ. ಮೇಡಂ ನಕ್ಕು, "ನನಗೇ ಪಾಠ ಮಾಡ್ತೀರಲ್ಲ" ಅಂದರಂತೆ. ಎಲ್ಲ ಅಂಚುಗಳೂ ಕ್ಲಿಯರ್ ಎಂದು ರಿಪೋರ್ಟ್ ಬಂತು. ಒಂದು ವಾರ ಮೂಗಿನ ನಳಿಕೆಯಲ್ಲಿ ಆಹಾರ, ಆಮೇಲೆ ಒಂದೂವರೆ ತಿಂಗಳು ಗಂಜಿ, ಅಂಬಲಿ. ಮಗುವಿಗೆ ಹಾಲು ಬಿಡಿಸಬೇಕಾಗಲಿಲ್ಲ. ಅರಿವಳಿಕೆಯ ಡಾಕ್ಟರನ್ನು ಕೇಳಿದ್ದಕ್ಕೆ, ಪೂರ್ತಿ ಎಚ್ಚರವಾಗಿ ಮಗುವನ್ನು ಎತ್ತಿಕೊಳ್ಳುವಷ್ಟಾದ ಮೇಲೆ ಕೊಡಬಹುದು ಅಂದರು.

ಇದಾಗಿ ಆರು ತಿಂಗಳಿಗೆ ಸರಿಯಾಗಿ ಇದರ ತದ್ವಿರುದ್ಧದ ಕೇಸೊಂದು ಬಂತು. ನಡುವಯಸ್ಸಿನ ಗಂಡಸು, ಕೆಳತುಟಿಯ ಒಳಗೆ ಬಟಾಣಿ ಗಾತ್ರದ ನೀಲಿ ಗಂಟು. ನೋಡಿದರೆ ಜೊಲ್ಲುಗ್ರಂಥಿಯ ನೀರ್ಗುಳ್ಳೆ, ಮ್ಯೂಕೋಸೀಲ್, ಇದ್ದ ಹಾಗಿತ್ತು. ಬೆರಳಿಗೆ ಮಾತ್ರ ಗಟ್ಟಿ. ಒತ್ತಿದರೆ ಬಿಳಿಚಲಿಲ್ಲ, ಮಿಡಿತವಿಲ್ಲ. ಇಂಥ ತುಟಿಯ ಗಂಟುಗಳಿಗೆ ನಾನು ಕಣ್ಣಿನ ವಿಭಾಗದಿಂದ ಕಡ ತಂದ ಇಕ್ಕಳ ಬಳಸುತ್ತೇನೆ. ರೆಪ್ಪೆಯ ಗುಳ್ಳೆ ತೆಗೆಯಲು ಅವರು ಬಳಸುವ ಕಲೇಜಿಯನ್ ಕ್ಲಾಂಪ್. ಒಂದು ಕಡೆ ಉಂಗುರ, ಇನ್ನೊಂದು ಕಡೆ ತಗಡು. ಗಂಟನ್ನು ಉಂಗುರದ ನಡುವೆ ಕೂರಿಸಿ ಬಿಗಿ ಮಾಡಿದರೆ ಸುತ್ತಲಿನ ರಕ್ತ ನಿಂತು ಗಂಟು ಮೇಲೆದ್ದು ಬರುತ್ತದೆ, ಒಣ ನೆಲದಲ್ಲಿ ಕೆಲಸ ಮಾಡಿದ ಹಾಗೆ. ಕಡ ತಂದದ್ದು ನಾಲ್ಕು ವರ್ಷವಾಯಿತು, ವಾಪಸ್ ಕೊಟ್ಟಿಲ್ಲ. ಗಂಟು ಹಣ್ಣಿನಿಂದ ಬೀಜ ಬಿಡಿಸಿಕೊಂಡಂತೆ ಇಡಿಯಾಗಿ ಬಂತು, 20 ನಿಮಿಷದ ಕೆಲಸ.

ರಿಪೋರ್ಟು ಬಂದದ್ದು ಬೇರೊಂದು ಲ್ಯಾಬಿನಿಂದ, ರೋಗಿಯೇ ತನ್ನ ಊರಿನ ಹತ್ತಿರ ಕೊಟ್ಟಿದ್ದ. 'ಆಂಜಿಯೋಸಾರ್ಕೋಮಾ ಇರಬಹುದು' ಅಂತ. ಆ ಮನುಷ್ಯ ಕಾಗದ ಹಿಡಿದು ಬಂದಾಗ ಮುಖದಲ್ಲಿ ಜೀವವಿರಲಿಲ್ಲ. ಗೂಗಲ್ ನೋಡಿ ಮಕ್ಕಳಿಗೆ ಆಸ್ತಿ ಭಾಗದ ಮಾತೂ ಆಡಿಬಿಟ್ಟಿದ್ದ. ಇಡಿಯಾಗಿ, ಸಲೀಸಾಗಿ ಬಿಡಿಸಿಕೊಂಡು ಬಂದ ಗಂಟು ಆಂಜಿಯೋಸಾರ್ಕೋಮಾ ಅಂದರೆ ನನ್ನ ಕೈ ನಂಬಲಿಲ್ಲ. ಆ ಗಡ್ಡೆಗೆ ಅಂಚೇ ಇರುವುದಿಲ್ಲ, ಮಣ್ಣಿಗೆ ನೀರು ಇಳಿದಂತೆ ಹರಡಿಕೊಂಡಿರುತ್ತದೆ. ಸ್ಲೈಡು ತರಿಸಿ ಮತ್ತೆ ಅದೇ ಎರಡು ತಲೆಯ ಮೈಕ್ರೋಸ್ಕೋಪ್. ಬೆರಳುಗಳಂಥ ನೂರಾರು ಎಳೆಗಳು, ಅವುಗಳ ಮೇಲೆ ನಾಳದ ಕೋಶಗಳ ಹೊದಿಕೆ, ನಿಜಕ್ಕೂ ಹೆದರಿಕೆ ಬರುವಂಥ ಚಿತ್ರ. "ಚಿಕ್ಕ ಲೆನ್ಸಿಗೆ ಬನ್ನಿ" ಅಂದರು ಮೇಡಂ. ದೂರದಿಂದ ನೋಡಿದರೆ ಅಷ್ಟೂ ಎಳೆಗಳು ಒಂದೇ ಅಭಿಧಮನಿಯ ಗೋಡೆಯೊಳಗೆ ಇದ್ದವು. ಒಂದೂ ಹೊರಗೆ ಕಾಲಿಟ್ಟಿರಲಿಲ್ಲ. ಪಕ್ಕದಲ್ಲೇ ಹಳೆಯ ರಕ್ತದ ಹೆಪ್ಪು. ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ದುರಸ್ತಿ ಮಾಡಲು ಹೋಗಿ ಕೋಶಗಳು ಅತಿಯಾಗಿ ಬೆಳೆದದ್ದು. ಪಿಯರ್ ಮೇಸನ್ 1923ರಲ್ಲಿ ಬರೆದದ್ದರಿಂದ ಮೇಸನ್ ಟ್ಯೂಮರ್ ಎಂದೇ ಹೆಸರು, ಮೇಸನ್ ಕೂಡ ಅದನ್ನು ನಿಜವಾದ ಗಡ್ಡೆ ಎಂದೇ ತಿಳಿದಿದ್ದರು. ಕ್ಯಾನ್ಸರ್ ಅಲ್ಲ. ತೆಗೆದದ್ದೇ ಚಿಕಿತ್ಸೆ, ಅದು ಆಗಿಹೋಗಿತ್ತು. "ಏನೂ ಇಲ್ಲ, ಮನೆಗೆ ಹೋಗಿ" ಅಂದಾಗ ಅವನು ನಂಬಲಿಲ್ಲ. ಎರಡನೇ ರಿಪೋರ್ಟು ಕೈಗೆ ಬಂದ ಮೇಲೂ "ಒಂದು ಕಿಮೋ ಆದ್ರೂ ಕೊಟ್ಬಿಡಿ ಸಾರ್" ಅಂದಿದ್ದ.

ಒಂದೇ ವರ್ಷದಲ್ಲಿ, ಏನೂ ಅಲ್ಲ ಅನ್ನಿಸಿದ್ದು ಕ್ಯಾನ್ಸರಾಗಿತ್ತು, ಕ್ಯಾನ್ಸರ್ ಅಂದದ್ದು ಏನೂ ಆಗಿರಲಿಲ್ಲ. ಆಮೇಲಿಂದ ನಾನು ರಿಪೋರ್ಟನ್ನು ಓದಿ ಸುಮ್ಮನಾಗುವುದಿಲ್ಲ. ಕೈಗೆ ಸಿಕ್ಕದ್ದಕ್ಕೂ ಕಾಗದದಲ್ಲಿ ಬಂದದ್ದಕ್ಕೂ ತಾಳೆಯಾಗದಿದ್ದರೆ ಸ್ಲೈಡ್ ನೋಡಲು ಹೋಗುತ್ತೇನೆ. ಇನ್ನೊಂದು ಕೆಲಸವನ್ನೂ ಶುರು ಮಾಡಿದೆ. ಸುತ್ತಲಿನ ತಾಲ್ಲೂಕುಗಳ ಡೆಂಟಲ್ ಕ್ಲಿನಿಕ್ಕುಗಳಿಗೆ ಫಾರ್ಮಲಿನ್ ತುಂಬಿದ ಸಣ್ಣ ಬಾಟಲಿಗಳನ್ನು ಹಂಚುತ್ತೇನೆ, ಮೇಲೆ ನನ್ನ ನಂಬರ್ ಅಂಟಿಸಿ. ಮೊದಲು ಬಂದ ತುಂಡುಗಳಲ್ಲಿ ಒಂದು ಸಲೈನಿನಲ್ಲಿ, ಒಂದು ಸ್ಪಿರಿಟ್ಟಿನಲ್ಲಿ ಬಂತು. ಬಾಟಲಿಯ ಫಾರ್ಮಲಿನ್ ವಾಸನೆ ತಡೆಯಲಾರದೆ ಚೆಲ್ಲಿ ಬೇರೆ ತುಂಬಿದ್ದರಂತೆ. ಈಗ ಸರಿಯಾಗಿ ಬರುತ್ತಿವೆ. ಬಹುಪಾಲು ನಿಜವಾದ ಪಯೋಜೆನಿಕ್ ಗ್ರಾನುಲೋಮಾಗಳೇ. ಆಗಲಿ, ಅದೇ ಬೇಕು.

ಆ ಹೆಣ್ಣುಮಗಳ ಆಪರೇಶನ್ ಆಗಿ ಈಗ ನಾಲ್ಕು ವರ್ಷವಾಯಿತು. ಮೊದಲೆರಡು ವರ್ಷ ಮೂರು ತಿಂಗಳಿಗೊಮ್ಮೆ ಬರುತ್ತಿದ್ದಳು, ಈಗ ಆರು ತಿಂಗಳಿಗೊಮ್ಮೆ. ಬಾಯಿ, ಕುತ್ತಿಗೆ ನಾನು ನೋಡುತ್ತೇನೆ. ವರ್ಷಕ್ಕೊಂದು ಸಲ ಎದೆಯ ಸಿಟಿ. ಈ ಗಡ್ಡೆ ತಡವಾಗಿ ಮರಳಿದ ಉದಾಹರಣೆಗಳಿರುವುದರಿಂದ ಐದು ವರ್ಷಕ್ಕೆ ಬಿಡುವ ಯೋಚನೆ ನನಗಿಲ್ಲ. ತೆಗೆದು ಹಾಕಿಕೊಳ್ಳುವ ಹಲ್ಲುಸೆಟ್ಟು ಮಾಡಿಸಿಕೊಟ್ಟಿದ್ದೇವೆ, ಮದುವೆ ಮುಂಜಿಗೆ ಮಾತ್ರ ಹಾಕಿಕೊಳ್ಳುತ್ತಾಳಂತೆ.

ಹೋದ ಸಲ ಬಂದಾಗ ಜೊತೆಗೆ ತುಂಬು ಬಸುರಿ ನಾದಿನಿ ಇದ್ದಳು, ಮುಂದಿನ ಹಲ್ಲಿನ ವಸಡಿನಲ್ಲಿ ಕೆಂಪಗೆ ಒಂದು ಸಣ್ಣ ಗಡ್ಡೆ. ಸ್ಲೈಡ್ ಒತ್ತಿದೆ, ಕಣ್ಣು ಮುಚ್ಚಿ ಬೆರಳಿಟ್ಟೆ. ಮೆತ್ತಗಿತ್ತು, ಹಲ್ಲು ಭದ್ರವಾಗಿತ್ತು. ಕ್ಲೀನ್ ಮಾಡಿ, ಹೆರಿಗೆಯಾಗಿ ಎರಡು ತಿಂಗಳಿಗೆ ಬರಲು ಹೇಳಿದೆ.

"ಹೋಗ್ಲಿಲ್ಲ ಅಂದ್ರೆ?" ಅಂದಳು ನಾದಿನಿ.

ನಾನು ಬಾಯಿ ತೆರೆಯುವ ಮೊದಲೇ ಇವಳು ಹೇಳಿದಳು: "ತೆಗೀತಾರೆ. ತೆಗ್ದು ಬಾಟ್ಲಿಗೆ ಹಾಕ್ತಾರೆ, ಬಕೀಟಿಗಲ್ಲ."